ಜೇನುತುಪ್ಪ ಎಲ್ಲಿಡಬೇಕು?

"ಜೇನುತುಪ್ಪದ ಬಾಟಲಿ ಎಲ್ಲೇ?"

ಅತ್ತೆ ಕೂಗಿದ ದನಿಯಲ್ಲೇ ಏನೋ ಎಡವಟ್ಟಾಗಿದೆ ಎಂದು ನನಗೆ ಗೊತ್ತಾಯಿತು.

"ಸಿಂಕಿನ ಕೆಳಗೆ ಇದೆ ಅತ್ತೆ. ಜಿರಲೆ ಪುಡಿ ಪಕ್ಕ."

ಸಿಂಕಿನ ಕೆಳಗಿನ ಬಾಗಿಲು ತೆರೆದ ಸದ್ದು ಬಂತು.

"ಯಾಕೆ ತಾಯಿ?"

"ಎರಡೂ ಕೀಟಗಳಿಗೆ ಸಂಬಂಧಪಟ್ಟಿದ್ದಲ್ವಾ..."

ಹೇಳುವಾಗಲೇ ಅದು ಎಷ್ಟು ಕೆಟ್ಟದಾಗಿ ಕೇಳಿಸುತ್ತಿದೆ ಎಂದು ನನಗೇ ಅನಿಸಿತು. ಆದರೆ ನನ್ನ ಕಷ್ಟವನ್ನೂ ನೋಡಬೇಕು. ಆಗ ನಾನು ಗ್ರಂಥಾಲಯದಲ್ಲಿ ತರಬೇತಿಯಲ್ಲಿದ್ದೆ. ಕೊನೆಗೊಂದು ಪರೀಕ್ಷೆ. ದೊಡ್ಡ ಮೇಡಂ ಒಂದು ಪುಸ್ತಕ ಕೈಗೆ ಕೊಡುತ್ತಾರೆ. ಅದು ಯಾವ ವಿಷಯಕ್ಕೆ ಸೇರಿದ್ದು, ಯಾವ ಕಪಾಟಿಗೆ ಹೋಗಬೇಕು ಎಂದು ಅವರೆದುರೇ ತೀರ್ಮಾನಿಸಬೇಕು. ಪಾಸಾದರೆ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಭಾವನ ಜೆರಾಕ್ಸ್ ಅಂಗಡಿ. ಭಾವ ಬಂದ ಗಿರಾಕಿಗಳಿಗೆಲ್ಲ, "ನಮ್ಮಲ್ಲಿ ಬಟನ್ ಒತ್ತೋರೂ ಡಿಗ್ರಿ ಆದೋರೇ" ಎಂದು ಹೆಮ್ಮೆಯಿಂದ ಹೇಳುವವರು.

ಅಭ್ಯಾಸ ಮಾಡಲು ಮನೆಯಲ್ಲಿ ಅಷ್ಟು ಪುಸ್ತಕಗಳಿರಲಿಲ್ಲ. ಡಬ್ಬಿಗಳಿದ್ದವು. ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದಾಗ ಅಡುಗೆಮನೆಯನ್ನೆಲ್ಲ ವಿಷಯವಾರು ಜೋಡಿಸಿಬಿಟ್ಟೆ. ಉಪ್ಪು ಖನಿಜವಾದ್ದರಿಂದ ಬಟ್ಟೆ ಸೋಡಾದ ಜೊತೆಗೆ ಹೋಯಿತು. ಮೊಟ್ಟೆಗಳು ಪಕ್ಷಿವರ್ಗ. ಮನೆಯಲ್ಲಿ ಪಕ್ಷಿಗೆ ಸೇರಿದ ಇನ್ನೊಂದೇ ವಸ್ತುವೆಂದರೆ ನನ್ನ ಗಂಡನ ಶಟಲ್ ಕಾಕ್, ಅದರಲ್ಲಿ ಗರಿ ಇದೆಯಲ್ಲ. ಅದರ ಉದ್ದ ಡಬ್ಬಿಯಲ್ಲಿ ಮೊಟ್ಟೆಗಳಿಗೆ ಜಾಗವೂ ಇತ್ತು. ಮರುದಿನ ಬೆಳಿಗ್ಗೆ ಅವರು ಆಟದ ಮೈದಾನದಲ್ಲಿ ಡಬ್ಬಿ ಬೋರಲು ಹಾಕಿದರು. ಮನೆಗೆ ಬಂದು ಬಹಳ ಹೊತ್ತು ಕೈ ತೊಳೆದುಕೊಂಡರು, ಅಷ್ಟೇ.

ಅತ್ತೆ ಮಾತ್ರ ಸುಮ್ಮನಿರುವವರಲ್ಲ.

"ಜೇನುತುಪ್ಪ ಹುಡುಕೋರು ಕೆಮ್ಮು ಬಂದೋರು ಕಣೇ, ಹುಳ ಹುಡುಕೋರಲ್ಲ! ಆಯ್ತು ಬಿಡು. ನಾನೂ ಕಲೀತೀನಿ ನಿನ್ನ ಈ ವಿದ್ಯೆ."

ಅವರ ದನಿ ತುಂಬ ಶಾಂತವಾಗಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ನನ್ನ ಕನ್ನಡಕ ಕಾಣಲಿಲ್ಲ. ಅದಿಲ್ಲದಿದ್ದರೆ ಅಕ್ಷರಗಳೆಲ್ಲ ನನಗೆ ಇರುವೆ ಸಾಲು. ಅತ್ತೆ ಮೇಜಿನ ಮುಂದೆ ಕೂತು ನಿಧಾನವಾಗಿ ಕಾಫಿ ಹೀರುತ್ತಿದ್ದರು.

"ಅಮ್ಮಾ, ಇವತ್ತು ಅವಳ ಪರೀಕ್ಷೆ," ಎಂದರು ನನ್ನ ಗಂಡ.

"ನಾನೇನು ಬಚ್ಚಿಟ್ಟಿಲ್ಲಪ್ಪಾ. ವರ್ಗ ಮಾಡಿ ಇಟ್ಟಿದೀನಿ. ಹುಡುಕಲಿ, ಲೈಬ್ರರಿಯವಳಲ್ವಾ?"

ಗಾಜಿನದೆಂದು ಲೋಟಗಳ ಹಿಂದೆ ತಡಕಿದೆ. ಇಲ್ಲ. ಮುಖಕ್ಕೆ ಹಾಕುವಂಥದ್ದೆಂದು ಪೌಡರ್ ಡಬ್ಬಿಯ ಹತ್ತಿರ ನೋಡಿದೆ. ಅಲ್ಲೂ ಇಲ್ಲ. ಬಸ್ಸಿನ ಹೊತ್ತಾಗುತ್ತಿತ್ತು. ಭಾವನ ಮೆಷಿನ್ನಿನ ಬಿಸಿ ಗಾಳಿ ಆಗಲೇ ಮುಖಕ್ಕೆ ಹೊಡೆದಂತಾಯಿತು. ವಸ್ತುವನ್ನು ಬಿಟ್ಟು ಅತ್ತೆಯ ಬಗ್ಗೆ ಯೋಚಿಸಿದೆ. ದಿನಾ ಊಟಕ್ಕೆ ಕೂತಾಗ ಅವರು ನನ್ನ ತಟ್ಟೆಗೆ ಏನನ್ನು ತುರುಕುತ್ತಾರೆ? "ತಿನ್ನೇ, ಕಣ್ಣಿಗೆ ಒಳ್ಳೇದು" ಎನ್ನುತ್ತಾ?

ಕ್ಯಾರೆಟ್ ಬುಟ್ಟಿಗೆ ಕೈ ಹಾಕಿದೆ. ಕನ್ನಡಕ ತಳದಲ್ಲಿತ್ತು.

"ತಪ್ಪಿದ್ರೆ ಹೇಳು," ಎಂದರು ಅತ್ತೆ.

"ತಪ್ಪೇನಿಲ್ಲ ಅತ್ತೆ."

"ಮತ್ಯಾಕೆ ಅಷ್ಟು ಒದ್ದಾಡಿದೆ?"

ಕನ್ನಡಕವನ್ನು ಒರೆಸದೆಯೇ ಏರಿಸಿಕೊಂಡು ಬಸ್ಸಿಗೆ ಓಡಿದೆ.

ದೊಡ್ಡ ಮೇಡಂ ಕೊಟ್ಟ ಪುಸ್ತಕ ಕುದುರೆಗಳ ಹಲ್ಲಿನ ಆರೈಕೆಯ ಬಗ್ಗೆ. ಹಲ್ಲು ಎಂದು ಕಂಡದ್ದೇ ಕಾಲು ವೈದ್ಯಶಾಸ್ತ್ರದ ಕಪಾಟಿನತ್ತ ಹೊರಟಿತು. ಎರಡು ಹೆಜ್ಜೆ ಇಟ್ಟು ನಿಂತೆ. ಅಲ್ಲಿಗೆ ಬರುವವರು ದವಡೆ ಹಿಡಿದುಕೊಂಡ ಮನುಷ್ಯರು. ಅವರ ಕೈಗೆ ಕುದುರೆಯ ಪುಸ್ತಕ ಕೊಟ್ಟರೆ ಜೇನುತುಪ್ಪ ಕೇಳಿದವರಿಗೆ ಜಿರಲೆ ಪುಡಿ ಕೊಟ್ಟ ಹಾಗೆ. ತಿರುಗಿ ಹೋಗಿ ಪಶುಪಾಲನೆಯ ಕಪಾಟಿನಲ್ಲಿಟ್ಟೆ.

"ಯಾಕೆ ಅಲ್ಲಿ?" ಎಂದರು ಮೇಡಂ.

"ಈ ಪುಸ್ತಕ ಕೇಳ್ಕೊಂಡು ಬರೋರು ಕುದುರೆ ಸಾಕಿದೋರು ಮೇಡಂ."

"ಹಲ್ಲಿನ ಡಾಕ್ಟ್ರೇ ಬಂದು 'ಹಲ್ಲು' ಅಂತ ಹುಡುಕಿದ್ರೆ?"

"ಪುಸ್ತಕ ಒಂದೇ ಕಡೆ ಇರೋಕೆ ಸಾಧ್ಯ, ಆದ್ರೆ ಪುಸ್ತಕ ಹುಡುಕೋ ಪಟ್ಟಿಯಲ್ಲಿ ಅದರ ಕಾರ್ಡು ಎಷ್ಟು ಕಡೆ ಬೇಕಾದ್ರೂ ಇಡಬಹುದು. 'ಹಲ್ಲು' ಅನ್ನೋ ಕಡೆ ಒಂದು ಕಾರ್ಡಲ್ಲಿ 'ಕುದುರೆಯನ್ನೂ ನೋಡಿ' ಅಂತ ಬರೆದಿಡ್ತೀನಿ."

ಮೇಡಂ ನನ್ನ ಮುಖವನ್ನೇ ದಿಟ್ಟಿಸಿದರು.

"ನಿಮ್ಮ ಕನ್ನಡಕಕ್ಕೆ ಮಣ್ಣು ಮೆತ್ಕೊಂಡಿದೆ."

"ಕ್ಯಾರೆಟ್ಟಿಂದು, ಮೇಡಂ."

ಅವರು ಮುಂದೇನೂ ಕೇಳದೆ ಸಹಿ ಹಾಕಿದರು. ಕೆಲಸ ಕಾಯಂ ಆಯಿತು.

ಸಂಜೆ ಮನೆಗೆ ಬಂದವಳೇ ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ಕುದುರೆಯ ಕಾರ್ಡಿನ ಸಂಗತಿಯನ್ನು ಇನ್ನೊಂದು ಸಲ ಹೇಳಿಸಿಕೊಂಡು ಕೇಳಿದರು. ಅವರು ಅಷ್ಟು ಗಮನವಿಟ್ಟು ಕೇಳುವಾಗಲೇ ನಾನು ಹುಷಾರಾಗಬೇಕಿತ್ತು. ಆಮೇಲೆ ಇಬ್ಬರೂ ಸೇರಿ ಡಬ್ಬಿಗಳನ್ನು ಹಳೆಯ ಜಾಗಗಳಿಗೆ ಸೇರಿಸಿದೆವು. ಜೇನುತುಪ್ಪ ಮೇಲಿನ ಕಪಾಟಿಗೆ, ಕೆಮ್ಮಿನ ಔಷಧಿಯ ಪಕ್ಕಕ್ಕೆ ಹೋಯಿತು.

ಮರುದಿನ ಜಿರಲೆ ಪುಡಿಗೆಂದು ಸಿಂಕಿನ ಕೆಳಗೆ ಬಗ್ಗಿದೆ. ಡಬ್ಬಿಯ ಮೇಲೆ ಅತ್ತೆಯ ಗುಂಡು ಅಕ್ಷರದಲ್ಲಿ ಒಂದು ಚೀಟಿ ಅಂಟಿತ್ತು: "ಜೇನುತುಪ್ಪ ಇಲ್ಲಿಲ್ಲ. ಮೇಲೆ ನೋಡಿ."

ಅದರ ಕೆಳಗೆ ಇನ್ನೊಂದು ಸಾಲು: "ಸೊಸೆಯನ್ನೂ ನೋಡಿ."

ನಾನು ಅದನ್ನು ಕೀಳಲಿಲ್ಲ. ಗ್ರಂಥಾಲಯದ ನಿಯಮದ ಪ್ರಕಾರ ಚೀಟಿ ಸರಿಯಾಗಿಯೇ ಇತ್ತು.