ಬೂಸ್ಟರಿನೊಳಗಿನ ಆಯಿಲ್

ಬಿಚ್ಚಿದ ಬೂಸ್ಟರನ್ನು ಬಾನೆಟ್ಟಿನಡಿಯಿಂದ ಎತ್ತಿ ಒಂದಿಷ್ಟು ಬಗ್ಗಿಸಿದ್ದೇ ತಡ, ಅದರ ಬಾಯಿಂದ ಬ್ರೇಕ್ ಆಯಿಲ್ ಗಳಗಳನೆ ಸುರಿದು ಮೇಸ್ತ್ರಿಗಳ ಪ್ಯಾಂಟು ತೋಯಿಸಿತು. ಒಂದು ಲೋಟ ತುಂಬುವಷ್ಟಿತ್ತು. ಪೆಡಲಿನ ಒತ್ತಡಕ್ಕೆ ಬಲ ಕೂಡಿಸುವ, ಒಳಗೆ ಒಣಗಿರಬೇಕಾದ ಡಬ್ಬಿ ಅದು. ಮೇಸ್ತ್ರಿಗಳು ಮೊದಲು ಮಾಡಿದ ಕೆಲಸವೆಂದರೆ, ಅಡುಗೆಮನೆಯ ಕಿಟಕಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ್ದು. ಯಾರೂ ಇರಲಿಲ್ಲ.

ಕಾರು, ಜೀಪುಗಳ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಬರೀ ಬ್ರೇಕ್ ಕೆಲಸ ಮಾಡಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಬ್ರೇಕ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹನ್ನೊಂದು ದಿನದ ಹಿಂದೆ ಅವರ ಹೆಂಡತಿ ಈ ನಲವತ್ತು ವರ್ಷದ ಕಾರನ್ನು ಓಡಿಸಿಕೊಂಡು ಹೋಗಿ ತನ್ನ ಅಕ್ಕನ ಮನೆಯ ಗೇಟಿಗೆ ಗುದ್ದಿದ್ದಳು. ಗೇಟಿನ ಜೊತೆಗೆ ಆರು ಹೂಕುಂಡಗಳೂ ಅಂಗಳ ಸೇರಿದ್ದವು. "ಒತ್ತಿದೆ ರೀ, ಪೆಡಲ್ ನೆಲಕ್ಕೇ ಹೋಯ್ತು" ಎಂದು ಆಕೆ ಬಡಬಡಿಸಿದರೂ, ಪಕ್ಕದಲ್ಲೇ ಕೂತಿದ್ದ ಮೇಸ್ತ್ರಿಗಳು ಇಳಿದು ಕಾರಿನಡಿ ಇಣುಕಿ, ನಾಲ್ಕೂ ಚಕ್ರ ತಡವಿ, ಒಂದು ಹನಿಯೂ ಸೋರಿಲ್ಲವೆಂದು ಕಂಡುಕೊಂಡು, ಷಡ್ಡಕನ ಎದುರಿಗೇ ತೀರ್ಪು ಕೊಟ್ಟಿದ್ದರು: "ಬ್ರೇಕ್ ಸರಿಯಾಗೇ ಇದೆ. ಇವಳ ಕಾಲು ಸರಿ ಇಲ್ಲ."

ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಸುವವಳು ಆಕೆ. "ಇಪ್ಪತ್ತೆಂಟು ವರ್ಷ ಮೆಷಿನ್ ತುಳಿದ ಕಾಲು ಇದು! ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅಂತ ಇದಕ್ಕೆ ಪಾಠ ಹೇಳ್ತೀರಾ?" ಎಂದವಳು ಅಂದಿನಿಂದ ಮಾತು ಬಿಟ್ಟಿದ್ದಳು. ಬಿಟ್ಟಳೆಂದರೆ, ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದಳು. "ಊಟ ಆರ್ತಾ ಇದೆ, ಬೇಕಾದೋರು ಬರಬಹುದು."

ಮೇಸ್ತ್ರಿಗಳಿಗೂ ಒಳಗೊಳಗೆ ಅನುಮಾನ ಹುಟ್ಟಿತ್ತು. ಮೊನ್ನೆ ತಿರುವಿನಲ್ಲಿ ಪೆಡಲ್ ಅವರ ಕಾಲಡಿಯೂ ಮೆತ್ತಗೆ ಜಾರಿತ್ತು. "ವಯಸ್ಸಾದ ಗಾಡಿ. ಮಾಸ್ಟರ್ ಸಿಲಿಂಡರ್, ಬೂಸ್ಟರ್ ಎರಡೂ ಹೊಸದು ಹಾಕಿಬಿಡೋಣ" ಎಂದು ಅವರೂ ಅದೇ ಗೋಡೆಗೆ ಹೇಳಿ, ಹೊಸ ಸೆಟ್ ತಂದಿದ್ದರು.

ಈಗ ನೋಡಿದರೆ, ಆಯಿಲನ್ನು ಚಕ್ರಗಳಿಗೆ ತಳ್ಳುವ ಸಿಲಿಂಡರಿನ ಹಿಂಬದಿಯ ರಬ್ಬರ್ ಸೀಲು ಹರಿದು, ಅದು ಹೊರಗೆ ಬೀಳದೆ ಹಿಂದಿದ್ದ ಬೂಸ್ಟರಿನ ಹೊಟ್ಟೆ ಸೇರಿತ್ತು. ಪೆಡಲ್ ನೆಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋದೀತು? ಮೇಸ್ತ್ರಿಗಳು ಹಳೇ ಬಟ್ಟೆ ತಂದು ನೆಲ ಒರೆಸಿದರು, ಪ್ಯಾಂಟು ಒರೆಸಿದರು. ಬೂಸ್ಟರಿನ ಬಾಯಿಯನ್ನೂ ಒರೆಸಿಬಿಟ್ಟರೆ ಸಾಕ್ಷಿ ಇಲ್ಲ. ಬಟ್ಟೆ ಅಲ್ಲಿಗೆ ಹೋಗಿ ನಿಂತಿತು. ಆವತ್ತು 'ಕಾಲು' ಎಂದ ಕೂಡಲೇ, ಒಡೆದ ಕುಂಡಗಳ ಮಣ್ಣು ಬಳಿಯುತ್ತಿದ್ದ ಹೆಂಡತಿ ಬಲಗಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಿದ್ದಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ. ಆಮೇಲೆ ಆಕೆ ಕಾರಿನ ಬಾಗಿಲನ್ನೂ ಮುಟ್ಟಿರಲಿಲ್ಲ.

"ಏ, ಸ್ವಲ್ಪ ಬಾ ಇಲ್ಲಿ."

"ಯಾರೋ ಯಾರನ್ನೋ ಕರೀತಿದಾರೆ" ಎಂದಿತು ಅಡುಗೆಮನೆ.

"ನಿನ್ನನ್ನೇ ಕಣೇ."

ಆಕೆ ಕೈ ಒರೆಸಿಕೊಳ್ಳುತ್ತ ಬಂದು ದೂರದಲ್ಲೇ ನಿಂತಳು. ಮೇಸ್ತ್ರಿಗಳು ಬೂಸ್ಟರನ್ನು ಇನ್ನೊಮ್ಮೆ ಬಗ್ಗಿಸಿದರು. ಉಳಿದ ಆಯಿಲ್ ತೊಟ್ಟು ತೊಟ್ಟಾಗಿ ಬಿತ್ತು.

"ಇದು ಇಲ್ಲಿ ಇರಬಾರದು" ಎಂದರು.

"ಅಂದ್ರೆ?"

"ಅಂದ್ರೆ... ಒಳಗೆ ಸೋರಿದೆ."

"ಅದು ಕಾಣ್ತಿದೆ. ಅಂದ್ರೆ?"

ಮೇಸ್ತ್ರಿಗಳು ಸ್ಪ್ಯಾನರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಅಂದ್ರೆ ನಿನ್ನ ಕಾಲು ಸರಿಯಾಗೇ ಇತ್ತು. ತಪ್ಪು ನಂದು."

"ನಂಗೆ ಕೇಳಿಸ್ತು. ಅಕ್ಕನ ಮನೇಲಿ ಕೇಳಿಸಿಲ್ಲ" ಎಂದು ಆಕೆ ಮೊಬೈಲು ಮುಂದೆ ಹಿಡಿದಳು. ಸ್ಪೀಕರನ್ನೂ ತಾನೇ ಒತ್ತಿದಳು.

ಮೇಸ್ತ್ರಿಗಳು ವಿಷಯ ಹೇಳಿ ಮುಗಿಸುವುದರೊಳಗೆ ಷಡ್ಡಕ ನಗಲು ಶುರು ಮಾಡಿದ್ದ. "ಬ್ರೇಕ್ ಮೇಸ್ತ್ರಿ ಮನೇಲೇ ಬ್ರೇಕ್ ಇರಲಿಲ್ಲ ಅನ್ನಿ! ಏ, ಇಲ್ಲಿ ಬಾರೇ, ಇದನ್ನ ನೀನೂ ಕೇಳು!" ಎಂದು ಹೆಂಡತಿಯನ್ನು ಕೂಗಿದ. ಮೇಸ್ತ್ರಿಗಳು ಮೊದಲಿನಿಂದ ಮತ್ತೆ ಹೇಳಬೇಕಾಯಿತು. ಎರಡನೇ ಸಲ ಹೇಳುವಾಗ ಎದುರು ನಿಂತಿದ್ದವಳ ತುಟಿಯಂಚು ಅಲುಗಿತು.

ಮಧ್ಯಾಹ್ನದ ಹೊತ್ತಿಗೆ ಹೊಸ ಬೂಸ್ಟರ್, ಹೊಸ ಸಿಲಿಂಡರ್ ಎರಡೂ ಕೂತವು. ಇನ್ನು ಪೈಪುಗಳಲ್ಲಿ ಸೇರಿದ ಗಾಳಿ ತೆಗೆಯಬೇಕು. ಅದು ಒಬ್ಬರಿಂದಾಗುವ ಕೆಲಸವಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಚಕ್ರದ ಬಳಿ ಗಾಳಿ ಬಿಡುವ ನಿಪ್ಪಲ್ ಬಿಚ್ಚಬೇಕು. ಆಕೆ ಡ್ರೈವರ್ ಸೀಟಿನ ತುದಿಯಲ್ಲಿ ಕೂತಳು. ಮೇಸ್ತ್ರಿಗಳು ಕಾರಿನಡಿ ತೂರಿದರು.

"ಒತ್ತು."

"ಒತ್ತಿದೆ."

"ಹಿಡ್ಕೋ... ಹಾಂ, ಬಿಡು."

"ಬಿಟ್ಟೆ. ಕಾಲು ಸರಿಯಾಗಿ ಒತ್ತುತ್ತಾ ಇದೆಯಾ ಮೇಸ್ತ್ರಿಗಳೇ?"

"ಬಹಳ ಸರಿಯಾಗಿ."

ನಾಲ್ಕು ಚಕ್ರಕ್ಕೂ ಆಕೆ ಅದನ್ನೇ ಕೇಳಿದಳು. ಮೇಸ್ತ್ರಿಗಳು ನಾಲ್ಕು ಸಲವೂ ಮಣ್ಣಲ್ಲಿ ಅಂಗಾತ ಮಲಗಿ ಅದೇ ಉತ್ತರ ಕೊಟ್ಟರು.

ಗುಳ್ಳೆ ಬರುವುದು ನಿಂತು, ಪೆಡಲ್ ಗಟ್ಟಿಯಾಯಿತು. ಮೇಸ್ತ್ರಿಗಳು ಎದ್ದು ಬೆನ್ನು ಕೊಡವಿಕೊಂಡು ಕೀಲಿಕೈ ಚಾಚಿದರು. "ನೀನೇ ಓಡಿಸಿ ನೋಡು."

ಆಕೆ ಕೀಲಿಯನ್ನು ಒಂದು ಗಳಿಗೆ ಬರೀ ನೋಡಿದಳು. ಆಮೇಲೆ ತೆಗೆದುಕೊಂಡು, "ನೀವು ಮುಂದೆ ಹೋಗಿ ನಿಂತ್ಕೊಳ್ಳಿ" ಎಂದಳು.

"ಎಲ್ಲಿ?"

"ದಾರೀಲಿ. ಬ್ರೇಕ್ ಸರಿ ಇದೆ ತಾನೆ?"

ಮೇಸ್ತ್ರಿಗಳು ಓಣಿಯ ತುದಿಗೆ ಹೋಗಿ ನಿಂತರು. ಪ್ರತಿ ನಟ್ಟನ್ನೂ ತಾವೇ ಬಿಗಿದದ್ದು ನಿಜ. ಆದರೂ ಒಂದೊಂದನ್ನೇ ಮನಸ್ಸಿನಲ್ಲಿ ಮತ್ತೆ ಬಿಗಿಯತೊಡಗಿದರು. ಕಾರು ಗುರುಗುಟ್ಟುತ್ತ ಬಂತು. ಮೂರನೇ ನಟ್ಟಿಗೆ ಬರುವಷ್ಟರಲ್ಲಿ ಅವರ ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಕಣ್ಣು ಬಿಟ್ಟಾಗ ಬಂಪರು ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ಗಾಜಿನಾಚೆ ಆಕೆ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದಳು, ಹಣೆಯೆಲ್ಲ ಬೆವರು. ಮೇಸ್ತ್ರಿಗಳು ಅದುರುತ್ತಿದ್ದ ಬಾನೆಟ್ಟಿನ ಮೇಲೆ ಕೈಯೂರಿ ನಿಂತರು. ಆಕೆ ಪಕ್ಕಕ್ಕೆ ಬಾಗಿ, ಕೈ ಚಾಚಿ, ಆಚೆ ಬದಿಯ ಬಾಗಿಲನ್ನು ಒಳಗಿನಿಂದ ತೆರೆದಳು.