ಒಂದು ನಂಬರು, ಇಬ್ಬರು ರೋಗಿಗಳು

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಕುದ್ರೋಳಿಯ ಲ್ಯಾಬಿನಿಂದ ತಾರಾನಾಥ ಎಂಬವರು ಫೋನ್ ಮಾಡಿದರು.

"ನಿಮ್ಮ ಸಾಫ್ಟ್‌ವೇರ್‌ನಲ್ಲಿ ಎಂತದೋ ಆಗಿದೆ ಮಾರಾಯ್ರೆ. ಇಲ್ಲಿ ನೋಣಯ್ಯ ಅಂತ ಒಬ್ಬರು, ಹೆಂಡತಿಯ ಶುಗರ್ ರಿಪೋರ್ಟ್ ಅವರ ಹೆಸರಿಗೆ ಹೋಗಿದೆ. ಅದನ್ನು ನೋಡಿ ಡಾಕ್ಟ್ರು ಅವರ ಇನ್ಸುಲಿನ್ ಜಾಸ್ತಿ ಮಾಡಿದ್ದಾರೆ. ಇವತ್ತು ಬೆಳಿಗ್ಗೆ ತಗೊಂಡಿರ್ತಾರೆ. ಫೋನ್ ಮಾಡಿದ್ರೆ ಸ್ವಿಚ್ ಆಫ್."

ಫೋನ್ ಎತ್ತಿದ್ದು ಲತೇಶ್. ಕೊಡಿಯಾಲ್‌ಬೈಲಿನ ಆ ಸಣ್ಣ ಕಂಪನಿಯಲ್ಲಿ ಆರು ವರ್ಷ ಅವನಷ್ಟು ವೇಗವಾಗಿ ಕೋಡ್ ಬರೆಯುವವರು ಬೇರೆ ಇರಲಿಲ್ಲ. ಮ್ಯಾನೇಜರ್ ಆಗಿ ಮೂರು ತಿಂಗಳು. ಅವನ ಕೈಕೆಳಗಿನ ಮೂವರು ನೋಡಿಕೊಳ್ಳುತ್ತಿದ್ದ ಸಾಫ್ಟ್‌ವೇರ್ ಇಪ್ಪತ್ತೆರಡು ಲ್ಯಾಬುಗಳ ರಿಪೋರ್ಟುಗಳನ್ನು ರೋಗಿಗಳಿಗೂ ಡಾಕ್ಟರಿಗೂ ಕಳಿಸುತ್ತಿತ್ತು.

ಅವನು ನೇರವಾಗಿ ಆ ಮೂವರಲ್ಲಿ ಒಬ್ಬನಾದ ಅಕ್ಷಿತನ ಮೇಜಿಗೆ ಹೋದ. ಏನೇ ತೊಂದರೆ ಬಂದರೂ ಲತೇಶ್ ಬಂದು ಕೂರುವವನೇ ಎಂದು ಗೊತ್ತಿದ್ದ ಅಕ್ಷಿತ್ ಆಗಲೇ ಕುರ್ಚಿ ಬಿಟ್ಟು ಎದ್ದಿದ್ದ. ಲತೇಶ್ ಕೂತು ಓದತೊಡಗಿದ. ರಿಪೋರ್ಟನ್ನು ರೋಗಿಯ ಹೆಸರಿಗೆ ಸೇರಿಸುವ ಈ ಭಾಗವನ್ನು ಅಕ್ಷಿತ್ ಕಳೆದ ತಿಂಗಳಷ್ಟೇ ಬರೆದಿದ್ದ. ಎರಡು ನಿಮಿಷ ಹೋಯಿತು, ತಲೆಬುಡ ಗೊತ್ತಾಗಲಿಲ್ಲ. ಬರೆದವನು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಾನೆ.

ಲತೇಶ್ ಎದ್ದ. "ನೀನೇ ಕೂತ್ಕೊ. ಕಾರಣ ಹುಡುಕು. ಅದಕ್ಕಿಂತ ಮೊದಲು ಎಲ್ಲ ರಿಪೋರ್ಟ್ ಹೋಗುದನ್ನು ನಿಲ್ಲಿಸು."

ಮಾಲೀಕ ನಿತ್ಯಾನಂದ ಒಳಕೋಣೆಯಿಂದ ಹೊರಗೆ ಬಂದರು. "ನಿಲ್ಲಿಸುದಾ? ಸೋಮವಾರ ಲತೇಶ್! ಒಂದು ಕೇಸಿಗೆ ಇಪ್ಪತ್ತೆರಡು ಲ್ಯಾಬ್ ನಿಲ್ಲಿಸುದಾ?"

"ಒಂದೇ ಅಂತ ನಮಗೆ ಗೊತ್ತಿಲ್ಲ ಸರ್. ಬೈಯುದಾದ್ರೆ ಸಂಜೆ ಬೈಯಿರಿ."

ಅಷ್ಟರಲ್ಲಿ ಟೆಸ್ಟಿಂಗ್ ಮಾಡುವ ಹೇಮಾಕ್ಷಿ ಸ್ಕೂಟರಿನ ಕೀ ಹಿಡಿದು ನಿಂತಿದ್ದರು. ನಲವತ್ತನಾಲ್ಕರ ಅವರು ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಸೇರಿದವರು. "ವಿಳಾಸ ಕೊಡಿ. ಕುದ್ರೋಳಿ ನನಗೆ ಗೊತ್ತುಂಟು, ನಾನು ಹೋಗ್ತೇನೆ." ವಿಳಾಸ ಸಿಕ್ಕಿದ್ದೇ ಅವರು ಮೆಟ್ಟಿಲಿಳಿದರು.

ಕಾಲು ಗಂಟೆಯೊಳಗೆ ಅಕ್ಷಿತನಿಗೆ ಕಾರಣ ಸಿಕ್ಕಿತು. ಒಂದೇ ಮೊಬೈಲ್ ನಂಬರು ಕೊಟ್ಟ ಇಬ್ಬರು ಒಂದೇ ದಿನ ಪರೀಕ್ಷೆ ಮಾಡಿಸಿದರೆ ಸಾಫ್ಟ್‌ವೇರ್ ಇಬ್ಬರನ್ನೂ ಒಬ್ಬರೆಂದೇ ತಿಳಿಯುತ್ತಿತ್ತು. ಅಂಥ ಮನೆಗಳು ಇನ್ನೂ ಏಳು ಇದ್ದವು. ತಂಡದ ಇನ್ನೊಬ್ಬಳು, ನಿರೀಕ್ಷಾ, ಒಂದೊಂದಾಗಿ ಆ ಮನೆಗಳಿಗೆ ಫೋನ್ ಮಾಡುತ್ತ ಹೋದಳು. ಲತೇಶ್ ಲ್ಯಾಬುಗಳಿಗೆ ಫೋನ್ ಮಾಡಿ ತಪ್ಪು ನಮ್ಮದು ಎಂದು ಹೇಳುತ್ತ ಹೋದ. ಕೈ ಮಾತ್ರ ಕೀಬೋರ್ಡಿಗಾಗಿ ತಹತಹಿಸುತ್ತಿತ್ತು.

ಹನ್ನೊಂದೂ ಮುಕ್ಕಾಲಿಗೆ ಹೇಮಾಕ್ಷಿಯ ಫೋನ್ ಬಂತು.

"ಸರ್, ಆ ನೋಣಯ್ಯ ಮೈಯೆಲ್ಲ ಬೆವರಿ ಮಲಗಿದ್ರು. ಸೆಕೆಗೆ ಅಂತ ಹೆಂಡತಿ ಫ್ಯಾನ್ ಹಾಕಿ ಬಿಟ್ಟಿದ್ರು, ಅದು ಶುಗರ್ ಇಳಿದದ್ದು. ಪ್ರಜ್ಞೆ ಉಂಟು, ಸಕ್ಕರೆ ನೀರು ಕುಡಿಸಿದೆವು. ಈಗ ಎದ್ದು ಕೂತಿದ್ದಾರೆ. ರಿಕ್ಷಾದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತೇವೆ."

ಲತೇಶ್ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಉಳಿದ ಏಳು ಮನೆಗಳಲ್ಲಿ ಎರಡಕ್ಕೆ ತಪ್ಪು ರಿಪೋರ್ಟ್ ಹೋಗಿತ್ತು, ಐದರದ್ದು ಹೋಗುವ ಮೊದಲೇ ನಿಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ.

ಹೇಮಾಕ್ಷಿ ಮರಳಿದ್ದು ನಾಲ್ಕು ಗಂಟೆಗೆ. ನೋಣಯ್ಯ ಚೇತರಿಸಿಕೊಂಡಿದ್ದಾರೆ, ನಾಳೆ ಮನೆಗೆ ಕಳಿಸುತ್ತಾರೆ ಎಂದರು. ಆಮೇಲೆ ಕೂರದೆ ಅಲ್ಲೇ ನಿಂತರು.

"ಇದನ್ನು ನಾನು ಗುರುವಾರ ಟೆಸ್ಟ್ ಮಾಡುವಾಗಲೇ ನೋಡಿದ್ದೆ ಸರ್."

"ನೋಡಿ ಸುಮ್ಮನಿದ್ರಾ?" ಲತೇಶನ ಧ್ವನಿ ಏರಿತು. ಅಕ್ಷಿತನೂ ನಿರೀಕ್ಷಾಳೂ ತಿರುಗಿ ನೋಡಿದರು.

"ಹದಿನೈದು ದಿನದ ಹಿಂದೆ ಮೀಟಿಂಗ್‌ನಲ್ಲಿ ಕೇಳಿದ್ದೆ, ಮನೆಗೆ ಒಂದೇ ಫೋನ್ ಇದ್ರೆ ಎಂತ ಆಗ್ತದೆ ಅಂತ. 'ಅಕ್ಕಾ, ಈಗ ಮಕ್ಕಳ ಕೈಯಲ್ಲೂ ಫೋನ್ ಉಂಟು' ಅಂದ್ರಿ. ಎಲ್ಲರೂ ನಗಾಡಿದ್ರು. ಗುರುವಾರ ಪುನಃ ನಗಾಡಿಸಿಕೊಳ್ಳಲಿಕ್ಕೆ ಮನಸ್ಸು ಬರ್ಲಿಲ್ಲ. ತಪ್ಪು ನನ್ನದೂ ಉಂಟು."

ಲತೇಶನಿಗೆ ನೆನಪಾಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಮೀಟಿಂಗ್ ಹತ್ತೇ ನಿಮಿಷದಲ್ಲಿ ಮುಗಿಯಿತೆಂದು ಅಂದು ಹೆಮ್ಮೆಪಟ್ಟಿದ್ದ.

ಸಂಜೆ ನಿತ್ಯಾನಂದ ಕೇಳಿದರು, "ಯಾರು ಮಾಡಿದ್ದು? ಹೆಸರು ಹೇಳು."

"ನಾನು," ಎಂದು ಲತೇಶ್ ಮೀಟಿಂಗಿನ ಸಂಗತಿಯನ್ನು ಬಿಡದೆ ಹೇಳಿದ.

ನಿತ್ಯಾನಂದ ಕುರ್ಚಿ ಎಳೆದು ಕೂತರು. "ನಿನ್ನನ್ನು ಮ್ಯಾನೇಜರ್ ಮಾಡಿದ್ದು ಬೇಗ ಆಯ್ತೋ ಎಂತದೋ."

"ಇರಬಹುದು ಸರ್."

"ಈಗ ಹೇಳಿದ್ದನ್ನೇ ಬರೆದು ಕೊಡು. ಎಲ್ಲ ಲ್ಯಾಬಿಗೂ ಕಳಿಸುವ."

ಮಂಗಳವಾರ ಬೆಳಿಗ್ಗೆ ಲತೇಶ್ ಎಲ್ಲರೆದುರು ಹೇಮಾಕ್ಷಿಯ ಕ್ಷಮೆ ಕೇಳಿದ. ಅವರು ತಲೆಯಾಡಿಸಿದರು, ನಗಲಿಲ್ಲ. ಆಮೇಲೆ ಅವನು ಕೇಳಿದ, "ನಮ್ಮ ಕೆಲಸದಲ್ಲಿ ನಿಮಗೆ ಹೆದರಿಕೆ ಆಗುವ ಜಾಗ ಇನ್ನು ಯಾವುದುಂಟು?"

ತಾನೇ ಏನಾದರೂ ಹೇಳಿಬಿಡಬೇಕೆಂದು ಅವನ ನಾಲಗೆ ತುರಿಸಿತು. ತಡೆದುಕೊಂಡ. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಲೇ ಇದ್ದವು.

ಕೊನೆಗೆ ಅಕ್ಷಿತ್ ಕೆಮ್ಮಿದ. "ಹಳೆ ರಿಪೋರ್ಟ್ ಅಳಿಸುವ ಭಾಗ ಸರ್. ಅದು ಹೇಗೆ ನಡೀತದೆ ಅಂತ ನನಗೆ ಇವತ್ತಿಗೂ ಅರ್ಥ ಆಗ್ಲಿಲ್ಲ. ಕೇಳ್ಲಿಕ್ಕೆ ನಾಚಿಕೆ ಆಗ್ತಿತ್ತು."

ಆ ಭಾಗವನ್ನು ಬರೆದವನು ಲತೇಶನೇ, ನಾಲ್ಕು ವರ್ಷಗಳ ಹಿಂದೆ.

"ನನಗೂ ಈಗ ಸರಿಯಾಗಿ ನೆನಪಿಲ್ಲ," ಎಂದ ಅವನು.

ಹೇಮಾಕ್ಷಿ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. "ಹಾಗಾದ್ರೆ ಮೊದಲು ಅದನ್ನೇ ನೋಡುವ."