ಐವತ್ತು ಪ್ರತಿಗಳ ಪತ್ರಿಕೆ

ಸಂಪಾದಕರ ದಿನಪತ್ರಿಕೆಯ ಪ್ರಸಾರ ಸರ್ಕಾರದ ದಾಖಲೆಯಲ್ಲಿ ಹತ್ತು ಸಾವಿರ. ಅವರ ಮೇಜಿನ ಮೇಲೆ ಐವತ್ತು. ಅದರಲ್ಲಿ ಹತ್ತು ಪ್ರತಿ ಕಚೇರಿಗಳಿಗೆ ಹೋಗುತ್ತಿದ್ದವು, ಉಳಿದ ನಲವತ್ತು ಕಟ್ಟು ಬಿಚ್ಚದೆ ರದ್ದಿ ಅಂಗಡಿಗೆ. ಹುಬ್ಬೇರಿಸಬೇಡಿ, ಹೀಗೆ ಬದುಕುವ ಪತ್ರಿಕೆ ಇದೊಂದೇ ಅಲ್ಲ. ಟೆಂಡರು, ಹರಾಜು, ಮಂತ್ರಿಗಳ ಹುಟ್ಟುಹಬ್ಬ ಇಂಥ ಸರ್ಕಾರಿ ಜಾಹೀರಾತು ಸಿಗಬೇಕಾದರೆ ಇಲಾಖೆಯ ಪಟ್ಟಿಯಲ್ಲಿ ಹೆಸರಿರಬೇಕು. ಹೆಸರಿರಬೇಕಾದರೆ ಪತ್ರಿಕೆ ದಿನವೂ ಅಚ್ಚಾಗಿ, ಹನ್ನೊಂದು ಗಂಟೆಯೊಳಗೆ ಇಲಾಖೆಯ ಕೌಂಟರಿನಲ್ಲಿ ಸೀಲು ಹಾಕಿಸಿಕೊಳ್ಳಬೇಕು. ಅದನ್ನು ಯಾರಾದರೂ ಓದಬೇಕು ಎಂದು ಯಾವ ನಿಯಮದಲ್ಲೂ ಬರೆದಿಲ್ಲ.

ಬರೆಯುವವರು, ಪುಟ ಕಟ್ಟುವವರು, ಯಂತ್ರ ಓಡಿಸುವವರು, ಕೊನೆಗೆ ನೆಲ ಗುಡಿಸುವವರೂ ಅವರೇ. ಹೆಂಡತಿ ಇದ್ದಾಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಪ್ರೂಫನ್ನು ಗಟ್ಟಿಯಾಗಿ ಓದುತ್ತಿದ್ದಳು; ತಪ್ಪು ಸಿಕ್ಕರೆ ಲೋಟದಿಂದ ನೆಲ ಕುಟ್ಟುತ್ತಿದ್ದಳು. ಅವಳು ತೀರಿಹೋಗಿ ಆರು ವರ್ಷ. ಆಮೇಲೆ ಮೂರನೇ ಪುಟದ ಕೆಳಗಿನ ಮೂಲೆಯಲ್ಲಿ ಅವಳಿಗೆ ಹೇಳಬೇಕಾದದ್ದನ್ನೆಲ್ಲ ಸಂಪಾದಕರು ಬರೆಯತೊಡಗಿದರು. ಉಪ್ಪಿನ ಡಬ್ಬಿಯ ಮುಚ್ಚಳ ಒಡೆದದ್ದು, ಕಾಗದದ ಕಟ್ಟಿನ ಮೇಲೆ ಬೆಕ್ಕು ಮರಿ ಹಾಕಿದ್ದು, ಇಪ್ಪತ್ತು ದಿನದಿಂದ ಬಿಡದ ಬಲಮಂಡಿಯ ನೋವು. ಓದುವವರೇ ಇಲ್ಲದ ಮೇಲೆ ನಾಚಿಕೆ ಯಾರಿಗೆ?

"ಗೋಡೆ ಹತ್ರ ಮಾತಾಡಿದ್ರೆ ಕಾಗದದ ಖರ್ಚಾದ್ರೂ ಉಳಿಯುತ್ತಲ್ಲ ಅಣ್ಣಾ," ಎಂದು ಬೇರೆ ಊರಿನಲ್ಲಿದ್ದ ತಂಗಿ ಫೋನಿನಲ್ಲಿ ನಗುತ್ತಿದ್ದಳು. ಸಂಪಾದಕರೂ ನಗುತ್ತಿದ್ದರು. ಫೋನಿಟ್ಟ ಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

ಅವರ ಬೀದಿಯ ಕೊನೆಗೊಂದು ನಲ್ಲಿ ಇತ್ತು. ಅದನ್ನು ಮಂತ್ರಿಗಳು ಮೂರು ಸಲ ಉದ್ಘಾಟಿಸಿದ್ದರು. ಇಲಾಖೆ ಕಳಿಸಿದ ಸುದ್ದಿಯನ್ನು ಸಂಪಾದಕರು ಮೂರು ಸಲವೂ ಅಕ್ಷರ ಬಿಡದೆ ಅಚ್ಚು ಹಾಕಿದ್ದರು. ಒಂದು ಬೆಳಿಗ್ಗೆ ಕೆಳಮನೆಯ ಅಜ್ಜಿ ಪಕ್ಕದ ಬೀದಿಯಿಂದ ನೀರು ಹೊತ್ತು ತರುವಾಗ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅವಳನ್ನೆತ್ತಿ ಗಾಡಿಯೊಳಗೆ ಮಲಗಿಸಿದವರು ಸಂಪಾದಕರೇ. ಅಷ್ಟು ನೋವಿನಲ್ಲೂ ಅಜ್ಜಿ ಕೊಡದ ಕುತ್ತಿಗೆ ಬಿಟ್ಟಿರಲಿಲ್ಲ.

ಆ ದಿನ ಮೂರನೇ ಪುಟದ ಮೂಲೆಯಲ್ಲಿ ಅವರು ಬರೆದರು: 'ಮೂರು ಸಲ ಉದ್ಘಾಟನೆಯಾದ ನಲ್ಲಿಯಲ್ಲಿ ಇವತ್ತಿನವರೆಗೆ ಒಂದು ತೊಟ್ಟು ನೀರು ಬಂದಿಲ್ಲ. ಮೂರು ಸಲವೂ ಬಂತೆಂದು ಬರೆದವನು ನಾನೇ.' ಇದನ್ನು ಧೈರ್ಯ ಎಂದರೆ ಸುಳ್ಳಾಗುತ್ತದೆ. ಹೆಂಡತಿಗೆ ಹೇಳಬೇಕಿತ್ತು, ಹೇಳಿದರು. ಮರುದಿನ ಆ ಸಂಚಿಕೆಗೂ ಎಂದಿನಂತೆ ಸೀಲು ಬಿತ್ತು.

ಸೀಲು ಹಾಕುವ ಹೆಂಗಸಿಗೆ ಪತ್ರಿಕೆಯವರೆಲ್ಲ ಇಟ್ಟ ಹೆಸರು ಸೀಲಮ್ಮ. ಅವಳು ಆ ಕೌಂಟರಿಗೆ ಬಂದ ಹನ್ನೊಂದು ವರ್ಷದಲ್ಲಿ ಸಂಪಾದಕರು ಅವಳ ಬಾಯಲ್ಲಿ ಕೇಳಿದ್ದು "ಮುಂದಿನವರು" ಎಂಬ ಒಂದೇ ಮಾತು. ನಲ್ಲಿಯ ಸಂಚಿಕೆ ಕೊಟ್ಟ ಮರುದಿನ ಮಾತ್ರ ಸೀಲು ಅರ್ಧದಲ್ಲೇ ನಿಂತಿತು.

"ಮಂಡಿ ನೋವು ಹೇಗಿದೆ ಸಾರ್?"

ಯಾರನ್ನು ಕೇಳುತ್ತಿದ್ದಾಳೆಂದು ಸಂಪಾದಕರು ಹಿಂದಕ್ಕೆ ತಿರುಗಿ ನೋಡಿದರು.

"ನಿಮ್ಮನ್ನೇ ಕೇಳಿದ್ದು. ಊಟದ ಹೊತ್ತಲ್ಲಿ ದಿನಾ ಓದ್ತೀನಿ. ಮನೇಲಿ ನಾನೊಬ್ಳೇ. ಇನ್ನೊಂದು ಮನೆ ಸುದ್ದಿ ಅಂತ ನನಗೆ ಗೊತ್ತಾಗೋದು ನಿಮ್ಮ ಮೂರನೇ ಪುಟದಿಂದ್ಲೇ." ಅವಳು ದನಿ ತಗ್ಗಿಸಿದಳು. "ನಿನ್ನೆ ನಲ್ಲಿ ವಿಷಯ ಬರ್ದಿದ್ದೀರಿ. ಸರ್ಕಾರದ ಮೇಲೆ ಬಂದಿದ್ದನ್ನ ಕತ್ತರಿಸಿ ಸಾಹೇಬರಿಗೆ ಕಳಿಸ್ಬೇಕು, ಅದೂ ನನ್ನ ಕೆಲ್ಸಾನೇ. ಮಧ್ಯಾಹ್ನ ಮೂರರೊಳಗೆ ಬೇರೆ ಮೂರನೇ ಪುಟ ಅಚ್ಚು ಹಾಕ್ಕೊಂಡು ಬನ್ನಿ, ಬದಲಾಯಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಮನೆಗೆ ಬಂದು ಸಂಪಾದಕರು ಯಂತ್ರದ ಮುಂದೆ ಕೂತರು. ಅರ್ಧ ಗಂಟೆಯ ಕೆಲಸ. ತಂಗಿಗೆ ಫೋನು ಮಾಡಿದರು. "ಉಂಡ ಮನೆ ಜಂತೆ ಎಣಿಸ್ಬಾರ್ದು ಅಣ್ಣಾ, ಸುಮ್ನೆ ಬದಲಾಯಿಸು," ಎಂದಳು. ಅವಳ ಮಾತೇನೂ ಸುಳ್ಳಲ್ಲ. ಪುಟ ಬದಲಾದರೆ ಪತ್ರಿಕೆ ಉಳಿಯುತ್ತದೆ, ದಿನಾ ಹನ್ನೊಂದಕ್ಕೆ ಕೌಂಟರಿಗೆ ಹೋಗುವ ನೆಪವೂ ಉಳಿಯುತ್ತದೆ. ಬದಲಾಗದಿದ್ದರೆ ನಿನ್ನೆಯವರೆಗೆ ಇದ್ದಾಳೆಂದೇ ಗೊತ್ತಿರದ ಏಕೈಕ ಓದುಗಾರ್ತಿ ಇವತ್ತೇ ಕೈತಪ್ಪುತ್ತಾಳೆ. ಆದರೆ ಅವಳು ಆಗಲೇ ಓದಿಬಿಟ್ಟಿದ್ದಳಲ್ಲ. ಓದಿದವಳ ಕೈಗೇ ಸುಳ್ಳು ಪುಟ ಕೊಡುವುದು ಹೇಗೆ? ಯಾರೂ ಓದದಿದ್ದಾಗ ಎಷ್ಟು ಸುಲಭವಾಗಿತ್ತು ಎಂದು ಅವರಿಗೆ ಅಳು ಬಂತು.

ಎರಡು ಗಂಟೆಗೆ ಬರಿಗೈಯಲ್ಲಿ ಹೋಗಿ, "ಅದೇ ಇರ್ಲಿ ಮೇಡಂ," ಎಂದರು. ಅವಳು ಕತ್ತರಿ ತೆಗೆದಳು.

ಮೂರು ವಾರಕ್ಕೆ ಪತ್ರ ಬಂತು: ಆಡಳಿತಾತ್ಮಕ ಕಾರಣಗಳಿಂದ ನಿಮ್ಮ ಪತ್ರಿಕೆಯನ್ನು ಪಟ್ಟಿಯಿಂದ ಕೈಬಿಡಲಾಗಿದೆ. ಜಾಹೀರಾತು ನಿಂತಿತು, ಶಾಯಿ ಮುಗಿಯಿತು, ಯಂತ್ರ ಸುಮ್ಮನಾಯಿತು. ಒಂಬತ್ತು ದಿನ ಸಂಪಾದಕರು ಕಿಟಕಿಯ ಬಳಿ ಕೂತರು. ಹೇಳಬೇಕಾದ ಸುದ್ದಿ ಮಾತ್ರ ನಿಲ್ಲಲಿಲ್ಲ. ಅಜ್ಜಿ ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆದಳು. ಬೆಕ್ಕಿನ ಮರಿಗಳು ಕಾಗದದ ಕಟ್ಟಿನಿಂದ ಇಳಿದು ಓಡಾಡತೊಡಗಿದವು. ಹತ್ತನೇ ದಿನ ಅವರು ಪತ್ರಿಕೆಯ ಹೆಸರು ಮೊದಲೇ ಅಚ್ಚಾಗಿ ಉಳಿದಿದ್ದ ಒಂದು ಹಾಳೆ ತೆಗೆದು, ಅದರ ಕೆಳಗೆ ಎಲ್ಲವನ್ನೂ ಕೈಯಲ್ಲೇ ಬರೆದರು. ಆ ದಿನದ ಪ್ರಸಾರ ಒಂದು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಸರದಿಯಲ್ಲಿ ನಿಂತರು.

"ತಗೊಳ್ಳೋಕೆ ಬರಲ್ಲ ಸಾರ್," ಎಂದಳು ಸೀಲಮ್ಮ ತಲೆ ತಗ್ಗಿಸಿಯೇ. "ಪಟ್ಟೀಲಿ ಇಲ್ಲ."

"ಗೊತ್ತು ಮೇಡಂ. ಸೀಲು ಬೇಡ."

ಅವಳು ಹಾಳೆಯನ್ನು ನೋಡಿದಳು. ಸೀಲನ್ನು ಪಕ್ಕಕ್ಕಿಟ್ಟು, ಕೆಳಗಿನ ಡ್ರಾಯರಿನಿಂದ ತನ್ನ ಪರ್ಸು ತೆಗೆದಳು.

"ಹಾಗಾದ್ರೆ ಎಷ್ಟು?"

"ಏನೆಷ್ಟು?"

"ಪೇಪರಿಗೆ."

ಪತ್ರಿಕೆ ಶುರುವಾದ ಹತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಸಂಪಾದಕರಿಗೆ ಯಾರೂ ಕೇಳಿರಲಿಲ್ಲ. ಹಿಂದೆ ನಿಂತವರು "ಬೇಗ ಮಾಡ್ರಿ" ಎಂದು ಗೊಣಗುತ್ತಿದ್ದರು. ಸಂಪಾದಕರು ಕನ್ನಡಕ ಹಾಕಿಕೊಂಡು, ತಮ್ಮದೇ ಪತ್ರಿಕೆಯ ಮೇಲೆ ಬಗ್ಗಿ, ಅದರ ಬೆಲೆ ಎಲ್ಲಿ ಬರೆದಿದೆ ಎಂದು ಹುಡುಕತೊಡಗಿದರು.